11 ವರ್ಷದ ಬೆಕ್ಕಿಗೆ ಇದ್ದಕ್ಕಿದ್ದಂತೆ ತೀರದ ಹಸಿವು, ನಡುರಾತ್ರಿಯ ಕೂಗು: ಇದು ವಯಸ್ಸಿನ ಚಾಳಿಯೋ, ಕಾಯಿಲೆಯೋ?

ಪ್ರಶ್ನೆ (ಬ್ರಹ್ಮಾವರದಿಂದ)

ನಮ್ಮ ಮನೆಯ ಬೆಕ್ಕು ಗುಂಡನಿಗೆ ಈಗ 11 ವರ್ಷ. ವರ್ಷ ತುಂಬುವ ಮೊದಲೇ ಸಂತಾನಹರಣ ಮಾಡಿಸಿದ್ದೆವು. ಅಂದಿನಿಂದ ಮನೆ, ಅಂಗಳ, ಬಾವಿಕಟ್ಟೆ ಬಿಟ್ಟು ದೂರ ಹೋದವನಲ್ಲ. ಹೆಸರಿಗೆ ತಕ್ಕಂತೆ ದುಂಡಗಿದ್ದ, ಸಾಧು ಪ್ರಾಣಿ, ಊಟದ ವಿಷಯದಲ್ಲಿ ಮಾತ್ರ ಬಲು ನಾಜೂಕು. ಮೀನು ಮಾರುವವರ ಸ್ಕೂಟರಿನ ಹಾರ್ನ್ ಕೇಳಿದ ಕೂಡಲೇ ಗೇಟಿನ ಬುಡದಲ್ಲಿ ಹೋಗಿ ಕೂರುತ್ತಿದ್ದ. ಬೇಯಿಸಿದ ಬೂತಾಯಿಯನ್ನು ಪೂರ್ತಿ ತಿನ್ನುತ್ತಿದ್ದ, ಬಂಗುಡೆಯಾದರೆ ಅರ್ಧ ಬಿಡುತ್ತಿದ್ದ. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್, ಜುಲೈ ತಿಂಗಳುಗಳಲ್ಲಿ ಪೊಟ್ಟಣದ ಒಣ ಆಹಾರ ಹಾಕಿದರೆ ಅದನ್ನು ಮೂಸಿ, ನಮ್ಮ ಮುಖ ನೋಡಿ, ಎದ್ದು ಹೋಗುವುದು ಪ್ರತಿ ವರ್ಷದ ವಾಡಿಕೆಯಾಗಿತ್ತು.

ಈ ಮಳೆಗಾಲದಲ್ಲಿ ಎಲ್ಲವೂ ತಲೆಕೆಳಗಾಗಿದೆ. ಅದೇ ಒಣ ಆಹಾರವನ್ನು ತಟ್ಟೆ ನೆಕ್ಕುವವರೆಗೆ ತಿಂದು, ಕಾಲು ಗಂಟೆಯೊಳಗೆ ಮತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೂಗುತ್ತಾನೆ. ಹಿಂದೆ ಎಂದೂ ಕಣ್ಣೆತ್ತಿ ನೋಡದ ನೀರುದೋಸೆಯನ್ನು ತಟ್ಟೆಯಿಂದಲೇ ಎಳೆದೊಯ್ದಿದ್ದಾನೆ. ಕಟ್ಟೆಯ ಮೇಲಿಟ್ಟ ಹಾಲಿನ ಪ್ಯಾಕೆಟ್ ಹರಿದಿದ್ದಾನೆ. ತಿಂದದ್ದನ್ನು ವಾರಕ್ಕೆ ಎರಡು ಮೂರು ಸಲ ವಾಂತಿ ಮಾಡಿಕೊಂಡು, ಅದಾದ ಮರುಕ್ಷಣ ಮತ್ತೆ ಊಟ ಕೇಳುತ್ತಾನೆ. ರಾತ್ರಿ ಎರಡೂವರೆಯ ಹೊತ್ತಿಗೆ ಚಾವಡಿಯ ನಡುವೆ ನಿಂತು, ಹೆಣ್ಣು ಬೆಕ್ಕನ್ನು ಅರಸುವ ಗಂಡುಬೆಕ್ಕಿನಂತೆ ಉದ್ದಕ್ಕೆ ಎಳೆದು ಕೂಗುತ್ತಾನೆ. ದೀಪ ಹಾಕಿದರೆ ಗೋಡೆಯನ್ನು ನೋಡುತ್ತಾ ನಿಂತಿರುತ್ತಾನೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕ ಬಿಟ್ಟು ಏಳದಿದ್ದವನು ಈಗ ತಣ್ಣಗಿನ ಸಿಮೆಂಟು ನೆಲದ ಮೇಲೆ ಮೈಚಾಚಿ ಮಲಗುತ್ತಾನೆ. ಮೈ ಬಾಚಲು ಹೋದ ಅಮ್ಮನ ಕೈಯನ್ನು ಮೊದಲ ಬಾರಿಗೆ ಪರಚಿದ್ದಾನೆ. ಅಮ್ಮನಿಗೆ ಅದು ಗಾಯಕ್ಕಿಂತ ಹೆಚ್ಚಾಗಿ ಅವಮಾನವಾಗಿ ಕಾಡಿದೆ.

ಇಷ್ಟು ತಿಂದರೂ ಬೆನ್ನ ಮೇಲೆ ಕೈಯಾಡಿಸಿದರೆ ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ. ಹೊಟ್ಟೆಯ ಕೆಳಗಿನ ಚರ್ಮ ಮೊದಲಿನಂತೆಯೇ ಜೋತಾಡುವುದರಿಂದ ದೂರದಿಂದ ನೋಡುವವರಿಗೆ ದಪ್ಪಗಿದ್ದಂತೆಯೇ ಕಾಣುತ್ತಾನೆ. ಸಮೀಪದ ಒಬ್ಬ ವೈದ್ಯರಿಗೆ ತೋರಿಸಿದಾಗ ಅವರು ಕುತ್ತಿಗೆಯನ್ನಾಗಲಿ ಎದೆಯನ್ನಾಗಲಿ ಮುಟ್ಟಿ ನೋಡದೆ, ಜಂತುಹುಳುವಿನ ಮಾತ್ರೆ ಕೊಟ್ಟು, ಈ ವಯಸ್ಸಿನಲ್ಲೂ ಇಷ್ಟು ಚೆನ್ನಾಗಿ ತಿನ್ನುತ್ತಿದೆಯಲ್ಲ, ಸಂತೋಷಪಡಿ ಎಂದರು. ಮಾತ್ರೆ ಕೊಟ್ಟು ಮೂರು ವಾರ ಕಳೆದರೂ ಬದಲಾವಣೆಯಿಲ್ಲ. ಅಜ್ಜಿ ಇದನ್ನು ಭಸ್ಮಕ ರೋಗ ಎನ್ನುತ್ತಾರೆ, ತಿಂದದ್ದೆಲ್ಲ ಬೂದಿಯಾಗಿ ಹೋಗುವ ಹಸಿವು. ಇದು ಬರಿಯ ವಯಸ್ಸಿನ ಚಾಳಿಯೇ? ಊಟಕ್ಕೆ ಮಿತಿ ಹಾಕಬೇಕೆ, ಅಥವಾ ಕೇಳಿದಷ್ಟು ಕೊಡಬೇಕೆ?


ಉತ್ತರ (ಶಿವಮೊಗ್ಗದಿಂದ, ನಿವೃತ್ತ ಪಶುವೈದ್ಯ)

ನಿಮ್ಮ ಅಜ್ಜಿಯ ರೋಗನಿರ್ಣಯ ಆ ವೈದ್ಯರದಕ್ಕಿಂತ ಸತ್ಯಕ್ಕೆ ಹತ್ತಿರವಿದೆ ಎಂದು ನನಗೆ ಅನಿಸುತ್ತದೆ. ಬೆಕ್ಕು ಹೆಚ್ಚು ತಿನ್ನತೊಡಗಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತೂಕ ಏರುತ್ತಿದೆಯೋ, ಇಳಿಯುತ್ತಿದೆಯೋ? ಹೆಚ್ಚು ತಿಂದು ದಪ್ಪಗಾಗುವ ಬೆಕ್ಕಿನ ಕಥೆ ಬೇರೆ. ಹೆಚ್ಚು ತಿಂದೂ ಸೊರಗುವ ಬೆಕ್ಕಿಗೆ ಕಾಯಿಲೆಯಿದೆ ಎಂದೇ ಎಣಿಸಿ ಮುಂದುವರಿಯಬೇಕು. ಆದ್ದರಿಂದ ನಾಳೆಯೇ ತೂಕ ನೋಡಿ. ಮನುಷ್ಯರ ತೂಕದ ಯಂತ್ರದಲ್ಲಿ ಬೆಕ್ಕನ್ನು ಎತ್ತಿಕೊಂಡು ನಿಂತು ಕಳೆಯುವ ಲೆಕ್ಕ ಅಷ್ಟು ನಿಖರವಲ್ಲ, ಏಕೆಂದರೆ 4 ಕಿಲೋ ಪ್ರಾಣಿಗೆ 200 ಗ್ರಾಂ ಎಂದರೆ ಸಣ್ಣ ವ್ಯತ್ಯಾಸವಲ್ಲ. ದಿನಸಿ ಅಥವಾ ತರಕಾರಿ ತೂಗುವ ತಕ್ಕಡಿ ಸಿಕ್ಕರೆ ಒಳ್ಳೆಯದು. ಹಳೆಯ ಲಸಿಕೆ ಕಾರ್ಡಿನಲ್ಲಿ ತೂಕ ಬರೆದಿದ್ದರೆ ಅದರೊಡನೆ ಹೋಲಿಸಿ.

ನೀವು ಬರೆದ ಲಕ್ಷಣಗಳನ್ನು, ಅದರಲ್ಲೂ ಬೆಚ್ಚಗಿನ ಒಲೆ ಬಿಟ್ಟು ತಣ್ಣನೆಯ ನೆಲ ಹುಡುಕುವುದನ್ನು ಓದಿದಾಗ, ನನ್ನ ಮನಸ್ಸು ನೇರವಾಗಿ ಥೈರಾಯ್ಡ್ ಗ್ರಂಥಿಯ ಕಡೆಗೆ ಹೋಯಿತು. ಶ್ವಾಸನಾಳದ ಎರಡು ಪಕ್ಕಗಳಲ್ಲಿ ಅಂಟಿಕೊಂಡಿರುವ ಈ ಗ್ರಂಥಿ ವಯಸ್ಸಾದ ಬೆಕ್ಕುಗಳಲ್ಲಿ ಒಮ್ಮೊಮ್ಮೆ ಊದಿಕೊಂಡು, ಬೇಕಾದುದಕ್ಕಿಂತ ಹೆಚ್ಚು ಹಾರ್ಮೋನನ್ನು ಸುರಿಸತೊಡಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ಗಂಟು ಕ್ಯಾನ್ಸರ್ ಅಲ್ಲ. ಆದರೆ ಅದು ಸುರಿಸುವ ಹಾರ್ಮೋನು ಇಡೀ ದೇಹದ ಒಲೆಗೆ ಗಾಳಿ ಊದಿದಂತೆ ಕೆಲಸ ಮಾಡುತ್ತದೆ: ತಿಂದದ್ದು ಸಾಲದು, ಸ್ನಾಯು ಕರಗುತ್ತದೆ, ಹೃದಯ ಓಡುತ್ತದೆ, ಸೆಕೆಯಾಗುತ್ತದೆ, ನಿದ್ದೆ ಹಾರುತ್ತದೆ, ಸಾಧುವಾಗಿದ್ದ ಪ್ರಾಣಿ ಸಿಡುಕುತ್ತದೆ. ವಾಂತಿ, ಜಡೆಗಟ್ಟಿದ ಕೂದಲು, ರಾತ್ರಿಯ ಕೂಗು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದದ್ದು 1979ರಲ್ಲಿ, ನ್ಯೂಯಾರ್ಕಿನಲ್ಲಿ. ದನ, ಎಮ್ಮೆ, ಕೋಳಿಗಳಲ್ಲೇ ದಿನ ಕಳೆದ ನಮ್ಮ ತಲೆಮಾರಿನ ವೈದ್ಯರಿಗೆ ಇದು ಥಟ್ಟನೆ ಹೊಳೆಯದಿದ್ದರೆ ಅಚ್ಚರಿಯೇನಿಲ್ಲ. ನಾನೂ ಸೇವೆಯ ಮೊದಲ ವರ್ಷಗಳಲ್ಲಿ ಇಂಥ ಬೆಕ್ಕುಗಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟು ಕಳಿಸಿದ್ದೇನೆ. ಆದರೂ ಬೆಕ್ಕನ್ನು ಮುಟ್ಟದೆ ಕಳಿಸಿದ್ದು ತಪ್ಪೇ.

ಇತರ ಕಾರಣಗಳೂ ಇವೆ. ಸಕ್ಕರೆ ಕಾಯಿಲೆಯಲ್ಲಿಯೂ ಬೆಕ್ಕು ಹೆಚ್ಚು ತಿಂದು ಸೊರಗುತ್ತದೆ, ಜೊತೆಗೆ ನೀರು ಕುಡಿಯುವುದು ಮತ್ತು ಮೂತ್ರ ಎದ್ದು ಕಾಣುವಷ್ಟು ಹೆಚ್ಚುತ್ತವೆ. ಕರುಳಿನ ದೀರ್ಘಕಾಲದ ಉರಿಯೂತ ಅಥವಾ ನಿಧಾನಗತಿಯ ಕರುಳಿನ ಗೆಡ್ಡೆಯಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜಂತುಹುಳು ಮರಿಗಳಲ್ಲಿ ದೊಡ್ಡ ಕಾರಣ, 11 ವರ್ಷದ ಮನೆಬೆಕ್ಕಿನಲ್ಲಿ ಅದೊಂದರಿಂದಲೇ ಇಷ್ಟೆಲ್ಲ ಆಗುವುದು ಅಪರೂಪ. ತುರಿಕೆಗೆಂದು ಯಾರಾದರೂ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದರೆ ಅದನ್ನು ಮರೆಯದೆ ಹೇಳಿ, ಏಕೆಂದರೆ ಅದರಿಂದಲೂ ವಿಪರೀತ ಹಸಿವಾಗುತ್ತದೆ.

ಇನ್ನು ಪರೀಕ್ಷೆಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ರಕ್ತದಲ್ಲಿ ಒಟ್ಟು ಟಿ4, ಅಂದರೆ ಥೈರಾಯ್ಡ್ ಸುರಿಸುವ ಮುಖ್ಯ ಹಾರ್ಮೋನು, ಎಷ್ಟಿದೆ ಎಂದು ನೋಡಬೇಕು; ಸಕ್ಕರೆ, ಮೂತ್ರಪಿಂಡ, ಯಕೃತ್ತು (ಲಿವರ್), ರಕ್ತಕಣಗಳ ಲೆಕ್ಕವನ್ನೂ ಅದರೊಡನೆ ಮಾಡಿಸಬೇಕು. ನಮ್ಮ ಊರುಗಳಲ್ಲಿ ಬೆಕ್ಕಿನ ರಕ್ತವನ್ನೂ ಮನುಷ್ಯರ ಲ್ಯಾಬಿಗೇ ಕಳಿಸುವುದುಂಟು, ಅದರಲ್ಲಿ ತಪ್ಪೇನಿಲ್ಲ, ಆದರೆ ವರದಿಯ ಪಕ್ಕದಲ್ಲಿ ಅಚ್ಚಾಗುವ ಸಹಜ ಮಿತಿ ಮನುಷ್ಯರದು. ಮನುಷ್ಯರಲ್ಲಿ ಒಟ್ಟು ಟಿ4 ಪ್ರತಿ ಡೆಸಿಲೀಟರಿಗೆ ಸುಮಾರು 5ರಿಂದ 12 ಮೈಕ್ರೋಗ್ರಾಂ ಇರುತ್ತದೆ. ಬೆಕ್ಕಿನಲ್ಲಿ ಸರಿಸುಮಾರು 1ರಿಂದ 4 ಮಾತ್ರ. ಅಂದರೆ 8 ಬಂದ ಬೆಕ್ಕಿನ ವರದಿಯಲ್ಲಿ ಸಹಜ ಎಂದೇ ಅಚ್ಚಾಗಿರುತ್ತದೆ, ಬೆಕ್ಕು ಮಾತ್ರ ಕರಗುತ್ತಾ ಹೋಗುತ್ತದೆ. ಮನುಷ್ಯರಿಗೆ ಮಾಡುವ ಟಿಎಸ್‌ಎಚ್ ಪರೀಕ್ಷೆಯನ್ನು ಬೆಕ್ಕಿಗೆ ಮಾಡಿಸಿ ಹಣ ಕಳೆಯಬೇಡಿ, ಅದು ಬೆಕ್ಕಿನ ಹಾರ್ಮೋನನ್ನು ಸರಿಯಾಗಿ ಅಳೆಯುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಸದ್ಯಕ್ಕೆ ಊಟಕ್ಕೆ ಮಿತಿ ಹಾಕಬೇಡಿ. ಅವನದು ದುರಾಸೆಯಲ್ಲ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಟ್ಟರೆ ವಾಂತಿ ಕಡಿಮೆಯಾಗಬಹುದು.


ಉತ್ತರ (ಬೆಂಗಳೂರಿನಿಂದ)

ಹಿರಿಯರು ಹೇಳಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಎರಡೂ ನಮ್ಮ ಮನೆಯಲ್ಲಿ ಒಟ್ಟಿಗೆ ನಡೆದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಬೆಕ್ಕಿಗೆ 8 ವರ್ಷ, 6.4 ಕಿಲೋ ತೂಕ, ಚರ್ಮದ ಅಲರ್ಜಿಗೆಂದು ಕೆಲವು ತಿಂಗಳುಗಳ ಅಂತರದಲ್ಲಿ ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಚುಚ್ಚುಮದ್ದನ್ನು ಎರಡು ಬಾರಿ ಕೊಡಿಸಿದ್ದೆವು. ತುರಿಕೆ ನಿಂತಿತು, ಹಸಿವು ಹೊತ್ತಿಕೊಂಡಿತು. ಮದ್ದಿನ ಪರಿಣಾಮ, ತಾನಾಗಿ ಇಳಿಯುತ್ತದೆ ಎಂದು ಕಾದೆವು. ಕೊನೆಗೆ ನಮ್ಮ ಕಣ್ಣು ತೆರೆಸಿದವು ಇರುವೆಗಳು. ಬೆಕ್ಕಿನ ಮರಳಿನ ಪೆಟ್ಟಿಗೆಗೆ ಬಾಲ್ಕನಿಯ ಗೋಡೆಯಿಂದ ಇರುವೆಗಳ ಸಾಲು ಇಳಿದು ಬಂದಿತ್ತು, ಮರಳಿನ ಒದ್ದೆಯಾದ ಉಂಡೆಗಳ ಮೇಲೆ ಮಾತ್ರ ಮುತ್ತಿಕೊಂಡಿದ್ದವು. ಮನೆಗೆಲಸಕ್ಕೆ ಬರುವವರು ಅದನ್ನು ನೋಡಿ, ನಮ್ಮ ಮಾವನಿಗೂ ಹೀಗೇ ಆಗಿತ್ತು, ಇದು ಶುಗರ್ ಎಂದರು.

ಆಮೇಲೆ ಹಿಂದಿರುಗಿ ನೋಡಿದರೆ ಸುಳಿವುಗಳು ಸಾಕಷ್ಟಿದ್ದವು. ಬಟ್ಟಲಿನ ನೀರು ಸಾಲದೆ ಬಚ್ಚಲುಮನೆಯ ಬಕೆಟ್ಟಿನ ಅಂಚಿಗೆ ಹತ್ತಿ ಕುಡಿಯುತ್ತಿತ್ತು. ಬೆಕ್ಕು ಸಾಮಾನ್ಯವಾಗಿ ಬೆರಳ ತುದಿಯಲ್ಲಿ ನಡೆಯುತ್ತದೆ. ನಮ್ಮದು ಹಿಂಗಾಲುಗಳ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ, ಮೊಲದಂತೆ ನಡೆಯತೊಡಗಿತ್ತು. ಸಕ್ಕರೆಯಿಂದ ನರಗಳಿಗೆ ಪೆಟ್ಟಾದಾಗ ಹೀಗಾಗುತ್ತದೆ ಎಂದು ನಂತರ ತಿಳಿಯಿತು. ನೀರನ್ನು ಅಳೆಯುವುದು ಕಷ್ಟವಲ್ಲ: ಬೆಳಿಗ್ಗೆ ಅಳತೆಯ ಲೋಟದಲ್ಲಿ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಲೀಟರ್ ದಾಟಿದರೆ, ಅಂದರೆ 4 ಕಿಲೋ ಬೆಕ್ಕು 400 ಮಿಲಿಲೀಟರಿಗಿಂತ ಹೆಚ್ಚು ಕುಡಿದರೆ ತಡಮಾಡಬಾರದು. ಮೀನು, ಕೋಳಿ ತಿನ್ನುವ ಬೆಕ್ಕಿಗೆ ಆಹಾರದಿಂದಲೇ ನೀರು ಸಿಗುವುದರಿಂದ ಅದಕ್ಕಿಂತ ಎಷ್ಟೋ ಕಡಿಮೆ ಕುಡಿದರೂ ಅನುಮಾನ ಪಡಬಹುದು.

ಒಂದು ಎಚ್ಚರಿಕೆ. ಬೆಕ್ಕಿಗೆ ಆಸ್ಪತ್ರೆಯ ಹೆದರಿಕೆಯಿಂದಲೇ ರಕ್ತದ ಸಕ್ಕರೆ ಏರುತ್ತದೆ. ನಮಗೆ ಮೊದಲ ದಿನ 310 ಬಂದಾಗ ವೈದ್ಯರು ಅದೊಂದನ್ನೇ ನಂಬದೆ, ಮೂತ್ರದಲ್ಲಿ ಸಕ್ಕರೆಯಿದೆಯೇ ಎಂದು ನೋಡಿ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಹೇಳುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿದ ಮೇಲೆಯೇ ಇನ್ಸುಲಿನ್ ಆರಂಭಿಸಿದರು. ಇನ್ಸುಲಿನ್ ಬಂದರೆ ಸಿರಿಂಜಿನ ವಿಷಯದಲ್ಲಿ ಜಾಗ್ರತೆ: ನಮ್ಮ ಔಷಧದಂಗಡಿಗಳಲ್ಲಿ ಯು-40 ಮತ್ತು ಯು-100 ಎಂಬ ಎರಡು ಬಗೆಯ ಸಿರಿಂಜುಗಳಿವೆ, ಒಂದರ ಔಷಧಿಯನ್ನು ಇನ್ನೊಂದರಲ್ಲಿ ಎಳೆದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ನಮ್ಮ ಬೆಕ್ಕಿಗೆ ಸ್ಟೀರಾಯ್ಡ್ ನಿಲ್ಲಿಸಿ, ಒಣ ಆಹಾರ ಬಿಡಿಸಿ, ಐದು ತಿಂಗಳು ಇನ್ಸುಲಿನ್ ಕೊಟ್ಟ ಮೇಲೆ ಅದರ ಅಗತ್ಯವೇ ಇಲ್ಲದಾಯಿತು. ಬೆಕ್ಕುಗಳಲ್ಲಿ ಬೇಗ ಹಿಡಿದರೆ ಹೀಗೆ ಆಗುವುದುಂಟಂತೆ.


ಉತ್ತರ (ಹುಬ್ಬಳ್ಳಿಯಿಂದ)

ಎಲ್ಲದಕ್ಕೂ ದೊಡ್ಡ ದೊಡ್ಡ ರೋಗಗಳ ಹೆಸರು ಹೇಳಿ ಪಾಪ ಆ ಮನೆಯವರನ್ನು ಹೆದರಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ನಮ್ಮ ಮೂರು ವರ್ಷದ ಹೆಣ್ಣು ಬೆಕ್ಕು, ಅದರ ಜೊತೆಗೇ ಬೆಳೆದ ಇನ್ನೊಂದು ಬೆಕ್ಕು ಸತ್ತ ಮೇಲೆ, ಹಗಲಿಡೀ ತಟ್ಟೆಯ ಮುಂದೆಯೇ ಕೂರತೊಡಗಿತು, ರಾತ್ರಿ ಕೂಗುತ್ತಿತ್ತು, ಒಂದೇ ವರ್ಷದಲ್ಲಿ 3.6 ಕಿಲೋದಿಂದ 4.9 ಕಿಲೋಗೆ ಬಂತು. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮನೆಯಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವುದರಿಂದ ಅದಕ್ಕೆ ತಿನ್ನುವುದು ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ. ಆಹಾರವನ್ನು ಅಳೆದು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಚಹಾ ಕುಡಿಯುವ ಕಾಗದದ ಲೋಟಗಳ ಕೆಳಗೆ ಅಡಗಿಸಿಟ್ಟು ಹುಡುಕಿ ತಿನ್ನುವಂತೆ ಮಾಡಿದೆವು. ಮಲಗುವ ಮುನ್ನ ಹದಿನೈದು ನಿಮಿಷ ದಾರಕ್ಕೆ ಗರಿ ಕಟ್ಟಿ ಓಡಾಡಿಸಿ, ಆಮೇಲೆ ಕೊನೆಯ ಪಾಲು ಕೊಟ್ಟೆವು. ಎರಡು ತಿಂಗಳಲ್ಲಿ ರಾತ್ರಿಯ ಕೂಗು ನಿಂತಿತು. ಬೆಕ್ಕಿಗೂ ಮನಸ್ಸು ಎಂಬುದೊಂದಿದೆ.


ಉತ್ತರ (ಶಿವಮೊಗ್ಗದಿಂದ, ನಿವೃತ್ತ ಪಶುವೈದ್ಯ)

ಹುಬ್ಬಳ್ಳಿಯವರು ಮಾಡಿದ್ದು ಅವರ ಬೆಕ್ಕಿನ ಮಟ್ಟಿಗೆ ಬಹಳ ಸರಿ, ಮತ್ತು ರಕ್ತ ಪರೀಕ್ಷೆಯ ನಂತರ ಮಾಡಿದ್ದರಿಂದ ಇನ್ನೂ ಸರಿ. ಆದರೆ ಅವರ ಬೆಕ್ಕಿಗೆ ಮೂರು ವರ್ಷ, ತೂಕ ಏರಿತ್ತು. ಗುಂಡನಿಗೆ 11 ವರ್ಷ, ಮೈ ಇಳಿದಿದೆ. ದಾರಿ ಕವಲೊಡೆಯುವುದು ಅಲ್ಲಿಯೇ.

ದಪ್ಪಗಾದ ಬೆಕ್ಕಿನ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಸಂತಾನಹರಣದ ನಂತರ ಬೆಕ್ಕಿನ ಹಸಿವು ಹೆಚ್ಚುತ್ತದೆ, ದೇಹಕ್ಕೆ ಬೇಕಾದ ಶಕ್ತಿ ಮಾತ್ರ ಕಡಿಮೆಯಾಗುತ್ತದೆ. ಮನೆಯೊಳಗಿನ 4 ಕಿಲೋ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋಕ್ಯಾಲೊರಿ ಸಾಕು, ಒಣ ಆಹಾರದಲ್ಲಿ ಹೇಳುವುದಾದರೆ ಅದು 60 ಗ್ರಾಂ ಆಸುಪಾಸು. ಆದರೆ ತೂಕ ಇಳಿಸುವ ಆತುರದಲ್ಲಿ ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಹೊಟ್ಟೆಗೆ ಬೀಳದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ, ಕಾಮಾಲೆಯಾಗಿ, ಜೀವಕ್ಕೇ ಕುತ್ತು ಬರುತ್ತದೆ. ನಾಯಿ ತಡೆದುಕೊಳ್ಳುವ ಉಪವಾಸವನ್ನು ಬೆಕ್ಕು ತಡೆದುಕೊಳ್ಳುವುದಿಲ್ಲ. ಗರಿ ಕಟ್ಟಿದ ದಾರವನ್ನು ಆಟ ಮುಗಿದ ಮೇಲೆ ಎತ್ತಿಡಿ. ನುಂಗಿದ ದಾರ ಕರುಳನ್ನು ಕೊಯ್ಯುವುದನ್ನು ನಾನು ನೋಡಿದ್ದೇನೆ.


ಪ್ರಶ್ನೆ ಕೇಳಿದವರು (ಬ್ರಹ್ಮಾವರದಿಂದ)

ಎಲ್ಲರಿಗೂ ಧನ್ಯವಾದ. ತೂಕ ನೋಡಿದೆವು. ಆಗಸ್ಟ್ ಬಂದು ಮೀನಿನ ಸ್ಕೂಟರ್ ಮತ್ತೆ ಓಡಾಡತೊಡಗಿದ್ದರಿಂದ, ಗುಂಡನನ್ನು ಬಟ್ಟೆಯ ಚೀಲದಲ್ಲಿ ತಲೆ ಹೊರಗಿರುವಂತೆ ಕೂರಿಸಿ, ಮೀನು ಮಾರುವವರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆಯೇ ಇಟ್ಟೆವು. ಮೀನಿನ ವಾಸನೆಗೆ ಅವನು ಅಲ್ಲಾಡದೆ ಕುಳಿತ. 3 ಕಿಲೋ 900 ಗ್ರಾಂ. ಎರಡು ವರ್ಷದ ಹಿಂದಿನ ಲಸಿಕೆ ಕಾರ್ಡಿನಲ್ಲಿ 5 ಕಿಲೋ 100 ಎಂದಿದೆ. ಬರಿಯ 1 ಕಿಲೋ 200 ಗ್ರಾಂ ಅಲ್ಲವೇ ಎಂದು ನಾನು ಹೇಳಿದ್ದಕ್ಕೆ ಮಗಳು ಲೆಕ್ಕ ಹಾಕಿ, ನಿಮ್ಮ 65 ಕಿಲೋದಲ್ಲಿ 15 ಕಿಲೋ ಇಳಿದಂತೆ ಎಂದಾಗ ಎದೆ ಧಸಕ್ಕೆಂದಿತು. ನೀರು ಅಳೆದೆವು, ದಿನಕ್ಕೆ 150 ಮಿಲಿಲೀಟರ್ ಆಸುಪಾಸು. ಇರುವೆ ಬಂದಿಲ್ಲ, ಹಿಂಗಾಲು ಸರಿಯಿದೆ, ಸ್ಟೀರಾಯ್ಡ್ ಎಂದೂ ಕೊಡಿಸಿಲ್ಲ. ಇನ್ನೊಬ್ಬ ವೈದ್ಯರ ಬಳಿಗೆ ಈ ವಾರವೇ ಹೋಗುತ್ತೇವೆ.


ಉತ್ತರ (ಇಂಗ್ಲೆಂಡಿನ ರೆಡಿಂಗ್‌ನಿಂದ)

ಮೂಲತಃ ಕುಮಟೆಯವಳು, ಇಲ್ಲಿ ನಮ್ಮ 13 ವರ್ಷದ ಬೆಕ್ಕಿಗೆ ಇದೇ ಥೈರಾಯ್ಡ್ ಕಾಯಿಲೆ ಬಂದಿತ್ತು. ಇಲ್ಲಿ ಚಿಕಿತ್ಸೆಗೆ ನಾಲ್ಕು ದಾರಿಗಳನ್ನು ಹೇಳಿದರು: ದಿನವೂ ಮಾತ್ರೆ, ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಅಯೋಡಿನ್ ಅತಿ ಕಡಿಮೆಯಿರುವ ವಿಶೇಷ ಆಹಾರ, ಮತ್ತು ವಿಕಿರಣಶೀಲ ಅಯೋಡಿನ್. ಕೊನೆಯದರಲ್ಲಿ ಒಂದೇ ಚುಚ್ಚುಮದ್ದು. ಅಯೋಡಿನ್ ಥೈರಾಯ್ಡಿಗೇ ಹೋಗಿ ಸೇರುವುದರಿಂದ ಕೆಟ್ಟ ಭಾಗ ಮಾತ್ರ ಸುಟ್ಟುಹೋಗುತ್ತದೆ. ಆದರೆ ವಿಕಿರಣ ಇಳಿಯುವವರೆಗೆ ಬೆಕ್ಕನ್ನು ಆಸ್ಪತ್ರೆಯಲ್ಲೇ ಬಿಡಬೇಕು, ಮನೆಯವರು ಮುಟ್ಟುವಂತಿಲ್ಲ. ನಮ್ಮದು ಹೃದಯ ದುರ್ಬಲವಾಗಿದ್ದರಿಂದ ಮಾತ್ರೆಯಲ್ಲೇ ಉಳಿದೆವು. ಆಹಾರದ ದಾರಿ ಸುಲಭವೆನಿಸಿದರೂ ಬೆಕ್ಕು ಅದನ್ನು ಬಿಟ್ಟು ಬೇರೆ ಒಂದು ತುತ್ತೂ ತಿನ್ನಬಾರದು; ಸಮುದ್ರದ ಮೀನಿನಲ್ಲಿ ಅಯೋಡಿನ್ ಧಾರಾಳವಾಗಿರುವುದರಿಂದ ಬೂತಾಯಿ ತಿನ್ನುವ ನಿಮ್ಮ ಗುಂಡನಿಗೆ ಅದು ನಡೆಯದ ಮಾತು.

ಮಾತ್ರೆಯ ಬಗ್ಗೆ ನಮ್ಮ ಅನುಭವದಿಂದ ಮೂರು ಮಾತು. ಮಾತ್ರೆಯನ್ನು ಪುಡಿ ಮಾಡಬೇಡಿ, ಕೈಗವಸು ಹಾಕಿಕೊಂಡು ಮುಟ್ಟಿ, ಗರ್ಭಿಣಿಯರು ಮುಟ್ಟದಿರುವುದೇ ಲೇಸು. ಮೊದಲ ಕೆಲವು ವಾರ ಬೆಕ್ಕು ಮುಖವನ್ನು ವಿಪರೀತ ಕೆರೆದುಕೊಂಡರೆ ಅಥವಾ ಇದ್ದಕ್ಕಿದ್ದಂತೆ ಊಟ ಬಿಟ್ಟರೆ ಔಷಧಿಯ ಅಡ್ಡಪರಿಣಾಮವಿರಬಹುದು, ಕೂಡಲೇ ವೈದ್ಯರಿಗೆ ತಿಳಿಸಿ. ಮೂರನೆಯದು ರಕ್ತದೊತ್ತಡ. ನಮ್ಮ ಬೆಕ್ಕು ಒಂದು ಬೆಳಿಗ್ಗೆ ಎದ್ದಾಗ ಕಣ್ಣಪಾಪೆ ಎರಡೂ ನಾಣ್ಯದಷ್ಟು ಅಗಲವಾಗಿ, ಬೆಳಕಿಗೂ ಕಿರಿದಾಗದೆ, ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಒತ್ತಡದಿಂದ ಅಕ್ಷಿಪಟಲ ಕಳಚಿಕೊಂಡಿತ್ತು. ಒಂದು ಕಣ್ಣು ಸ್ವಲ್ಪ ಮರಳಿತು, ಇನ್ನೊಂದು ಮರಳಲಿಲ್ಲ. ನೀವು ರಾತ್ರಿ ಗೋಡೆ ನೋಡಿ ಕೂಗುವುದನ್ನು ಬರೆದಿದ್ದೀರಿ, ಆದ್ದರಿಂದ ಒತ್ತಡ ಅಳೆಯದೆ ಬರಬೇಡಿ.


ಪ್ರಶ್ನೆ ಕೇಳಿದವರು (ಬ್ರಹ್ಮಾವರದಿಂದ)

ವರದಿ ಬಂದಿದೆ. ಹೊಸ ವೈದ್ಯರು ಗುಂಡನ ಗಲ್ಲವನ್ನು ಮೇಲಕ್ಕೆತ್ತಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಶ್ವಾಸನಾಳದ ಎರಡು ಬದಿಗೆ ಒತ್ತಿ ಕೆಳಕ್ಕೆ ಜಾರಿಸಿದಾಗ, ಎಡಗಡೆ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದೊಂದು ಗಂಟು ಬೆರಳಡಿಯಿಂದ ಪುಳಕ್ಕನೆ ಜಾರಿತು. ನನಗೂ ಮುಟ್ಟಿ ತೋರಿಸಿದರು. ಹೃದಯ ಬಡಿತ ನಿಮಿಷಕ್ಕೆ 232. ಮುಂಗಾಲಿಗೆ ಪುಟ್ಟ ಪಟ್ಟಿ ಕಟ್ಟಿ ಅಳೆದ ರಕ್ತದೊತ್ತಡ 170. ರಕ್ತವನ್ನು ಮನುಷ್ಯರ ಲ್ಯಾಬಿಗೇ ಕಳಿಸಿದರು. ಟಿ4 9.4 ಎಂದಿದೆ, ಪಕ್ಕದಲ್ಲಿ ಸಹಜ ಮಿತಿ 5ರಿಂದ 12 ಎಂದು ಅಚ್ಚಾಗಿದೆ, ಕೆಳಗೆ ಯಾವ ಗುರುತೂ ಇಲ್ಲ. ಲ್ಯಾಬಿನಲ್ಲಿ ವರದಿ ಕೊಟ್ಟ ಹುಡುಗ, ಎಲ್ಲ ನಾರ್ಮಲ್ ಇದೆ ಅಂಕಲ್ ಎಂದು ನಗುತ್ತಾ ಹೇಳಿದ. ಇಲ್ಲಿ ಓದಿರದಿದ್ದರೆ ನಾನು ನೆಮ್ಮದಿಯಿಂದ ಮನೆಗೆ ಬರುತ್ತಿದ್ದೆ. ಸಕ್ಕರೆ ಸರಿಯಿದೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ಮಿತಿಯಲ್ಲಿದೆ.

ಥೈರಾಯ್ಡ್ ಹಾರ್ಮೋನನ್ನು ತಗ್ಗಿಸುವ ಮೆಥಿಮಜೋಲ್ ಮಾತ್ರೆಯನ್ನು ದಿನಕ್ಕೆ ಎರಡು ಹೊತ್ತು ಬರೆದಿದ್ದಾರೆ, ಮೂರು ವಾರಕ್ಕೆ ಮತ್ತೆ ರಕ್ತ. ಒತ್ತಡವನ್ನು ಎರಡು ವಾರದ ನಂತರ ಇನ್ನೊಮ್ಮೆ ಅಳೆದು, ಇಳಿಯದಿದ್ದರೆ ಅದಕ್ಕೆ ಪ್ರತ್ಯೇಕ ಔಷಧಿ. ಎರಡು ಪ್ರಶ್ನೆಗಳಿವೆ. ಕ್ರಿಯಾಟಿನಿನ್ ಸರಿಯಿರುವಾಗ ಮುಂದಿನ ಬಾರಿಯೂ ಅದನ್ನು ಮಾಡಿಸಬೇಕೆಂದು ಒತ್ತಿ ಹೇಳಿದ್ದೇಕೆ? ಮತ್ತು ಮೀನು ಪೂರ್ತಿ ನಿಲ್ಲಿಸಬೇಕೆ?


ಉತ್ತರ (ಶಿವಮೊಗ್ಗದಿಂದ, ನಿವೃತ್ತ ಪಶುವೈದ್ಯ)

ನಿಮ್ಮ ವೈದ್ಯರು ಬಲ್ಲವರು, ಅವರನ್ನು ಬಿಡಬೇಡಿ. ಥೈರಾಯ್ಡ್ ಉಕ್ಕಿ ಹರಿಯುವಾಗ ಮೂತ್ರಪಿಂಡಕ್ಕೆ ರಕ್ತ ರಭಸವಾಗಿ ನುಗ್ಗುತ್ತಿರುತ್ತದೆ, ಅದರ ಜೊತೆಗೆ ಸ್ನಾಯುವೂ ಕರಗಿರುತ್ತದೆ. ಈ ಎರಡರಿಂದ ಕ್ರಿಯಾಟಿನಿನ್ ಇರಬೇಕಾದುದಕ್ಕಿಂತ ಕಡಿಮೆ ಕಾಣುತ್ತದೆ. ಮಾತ್ರೆಯಿಂದ ಥೈರಾಯ್ಡ್ ಹದಕ್ಕೆ ಬಂದ ಮೇಲೆ, ಮರೆಯಲ್ಲಿದ್ದ ಮೂತ್ರಪಿಂಡದ ತೊಂದರೆ ಕೆಲವು ಬೆಕ್ಕುಗಳಲ್ಲಿ ಹೊರಬೀಳುತ್ತದೆ. ಮಾತ್ರೆಯೇ ಮೂತ್ರಪಿಂಡ ಕೆಡಿಸಿತು ಎಂದು ಆಗ ಜನ ಅದನ್ನು ನಿಲ್ಲಿಸುತ್ತಾರೆ. ಹಾಗೆ ಮಾಡಬೇಡಿ, ಪ್ರಮಾಣವನ್ನು ವೈದ್ಯರು ಹೊಂದಿಸುತ್ತಾರೆ. ಮೊದಲ ಮೂರು ತಿಂಗಳು ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಲೆಕ್ಕವನ್ನೂ ಜೊತೆಗೆ ಮಾಡಿಸಿ. ಔಷಧದಂಗಡಿಯವರು ಮೆಥಿಮಜೋಲ್ ಇಲ್ಲ, ಇದೂ ಅದೇ ಎಂದು ಕಾರ್ಬಿಮಜೋಲ್ ಕೊಡಬಹುದು. ಅದು ದೇಹದಲ್ಲಿ ಮೆಥಿಮಜೋಲ್ ಆಗಿಯೇ ಬದಲಾಗುತ್ತದೆ ಎಂಬುದು ನಿಜ, ಆದರೆ ಮಿಲಿಗ್ರಾಂ ಲೆಕ್ಕ ಒಂದೇ ಅಲ್ಲ, ಆದ್ದರಿಂದ ವೈದ್ಯರನ್ನು ಕೇಳದೆ ಬದಲಿಸಬೇಡಿ.

ಮಾತ್ರೆಯ ದಾರಿಯಲ್ಲಿ ಮೀನಿಗೆ ನಿಷೇಧವಿಲ್ಲ. ಬೇಯಿಸಿ, ಮುಳ್ಳು ತೆಗೆದು, ಪ್ರಮಾಣವನ್ನು ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಮಾಡದೆ ಕೊಡಿ. ಮಾತ್ರೆ ನುಂಗಿಸಲು ಬೂತಾಯಿಗಿಂತ ಒಳ್ಳೆಯ ಉಪಾಯ ಬೇರೆ ಇಲ್ಲ.


ಪ್ರಶ್ನೆ ಕೇಳಿದವರು (ಬ್ರಹ್ಮಾವರದಿಂದ, ಹದಿನೆಂಟು ದಿನಗಳ ನಂತರ)

ತಕ್ಕಡಿಯಲ್ಲಿ 4 ಕಿಲೋ 50 ಗ್ರಾಂ. ಒತ್ತಡ 155ಕ್ಕೆ ಇಳಿದಿದೆ. ವಾಂತಿ ವಾರಕ್ಕೊಮ್ಮೆಗೆ ಬಂದಿದೆ, ರಾತ್ರಿಯ ಕೂಗು ಇನ್ನೂ ಇದೆ, ಆದರೆ ಪ್ರತಿ ರಾತ್ರಿ ಅಲ್ಲ. ಮೊನ್ನೆ ಅಮ್ಮ ಮೈ ಬಾಚುವಾಗ ಸುಮ್ಮನೆ ಕುಳಿತಿದ್ದ. ಒಂದು ಸಂಗತಿ ಹೇಳಲೋ ಬೇಡವೋ ಎಂದು ಯೋಚಿಸಿದೆ: ಇವತ್ತು ಅಕ್ಕಿಡಬ್ಬ ಸರಿಸಿ ಗುಡಿಸುವಾಗ ಅದರ ಹಿಂದೆ ನಾಲ್ಕು ಮಾತ್ರೆಗಳು ಸಿಕ್ಕಿದವು. ಮೀನನ್ನು ನುಂಗಿ ಮಾತ್ರೆಯನ್ನು ಅಲ್ಲಿಗೆ ಒಯ್ದು ಉಗುಳಿದ್ದಾನೆ. ಮುಂದಿನ ವಾರ ರಕ್ತ ಪರೀಕ್ಷೆಯಿದೆ.


ಉತ್ತರ (ಶಿವಮೊಗ್ಗದಿಂದ, ನಿವೃತ್ತ ಪಶುವೈದ್ಯ)

ಹೇಳಿದ್ದು ಒಳ್ಳೆಯದಾಯಿತು, ಇದನ್ನು ನಿಮ್ಮ ವೈದ್ಯರಿಗೂ ರಕ್ತ ತೆಗೆಯುವ ಮೊದಲೇ ಹೇಳಿ. ನಾಲ್ಕು ಹೊತ್ತು ತಪ್ಪಿದ್ದು ತಿಳಿಯದಿದ್ದರೆ ಟಿ4 ಇಳಿದಿಲ್ಲವೆಂದು ಅವರು ಪ್ರಮಾಣ ಏರಿಸುತ್ತಾರೆ, ಆಮೇಲೆ ಅವನು ಎಲ್ಲವನ್ನೂ ನುಂಗತೊಡಗಿದ ದಿನ ಅದು ಅತಿಯಾಗುತ್ತದೆ. ಇಂದಿನಿಂದ ಮೊದಲು ಬರಿಯ ಮೀನಿನ ಒಂದು ತುಣುಕು, ಎರಡನೆಯದರಲ್ಲಿ ಮಾತ್ರೆ, ಅದು ಬಾಯಿಗೆ ಹೋಗುತ್ತಿದ್ದಂತೆಯೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾನೆ. ಅಕ್ಕಿಡಬ್ಬವನ್ನು ಗೋಡೆಗೆ ತಾಗಿಸಿಡಿ.